ಹಾಸನ ಸೀಮೆಯಲ್ಲಿ ಸಿಡುಬು ಮತ್ತು ದಡಾರ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ ಮಗುವಿಗೆ ಜ್ವರ ಬಂದು ಮೈಮೇಲೆ ಗುಳ್ಳೆಯಾಗಲಿ ಕೆಂಪು ದದ್ದಾಗಲಿ ಕಾಣಿಸಿದರೆ, ಹಿಂದಿನ ಹಿರಿಯರು ಬೇನೆಯ ಹೆಸರನ್ನೇ ಎತ್ತುತ್ತಿರಲಿಲ್ಲ. 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು, ಅಡಿಗೆಮನೆಯಲ್ಲಿ ಒಗ್ಗರಣೆಯನ್ನು ನಿಲ್ಲಿಸುವುದು, ಊರ ಮಾರಮ್ಮನಿಗೆ ತಂಬಿಟ್ಟಿನ ಆರತಿಯನ್ನೂ ಮೊಸರನ್ನದ ಎಡೆಯನ್ನೂ ಹರಸಿಕೊಳ್ಳುವುದು, ಇವು ಮುಂದಿನ ಕೆಲಸಗಳು. ಈ ಒಂದು ಹೆಸರಿನೊಳಗೆ ಸಿಡುಬು, ದಡಾರ, ಸೀತಾಳೆ ಸಿಡುಬು ಎಂಬ ಮೂರು ಬೇರೆ ಬೇರೆ ಬೇನೆಗಳು ಅಡಗಿದ್ದವು.

ಶಾಸ್ತ್ರಕಾರರು ಇವುಗಳ ಭೇದವನ್ನು ಸ್ವಲ್ಪಮಟ್ಟಿಗೆ ಅರಿತಿದ್ದರು. ಸುಮಾರು 1300 ವರ್ಷಗಳ ಹಿಂದಿನ ಮಾಧವನಿದಾನದಲ್ಲಿ ಮಸೂರಿಕೆಗೆ ಒಂದು ಅಧ್ಯಾಯವೇ ಉಂಟು. ಮಸೂರವೆಂದರೆ ಚನ್ನಂಗಿ ಬೇಳೆ. ಗುಳ್ಳೆಯ ಆಕಾರದಿಂದ ಬಂದ ಹೆಸರು. ಅದೇ ಅಧ್ಯಾಯದಲ್ಲಿ ರೋಮಾಂತಿಕೆಯೆಂಬ ಇನ್ನೊಂದು ಬೇನೆ ಹೇಳಲ್ಪಟ್ಟಿದೆ. ಕೂದಲ ಬುಡದಷ್ಟೇ ಉಬ್ಬಿದ ಕೆಂಪು ದದ್ದು, ಕೆಮ್ಮು, ಬಾಯಿರುಚಿ ಕೆಡುವುದು, ಇವೆಲ್ಲಕ್ಕೂ ಮೊದಲು ಜ್ವರ. ಇದು ದಡಾರವೇ ಸರಿ. ಪಾರಸಿಕ ದೇಶದ ವೈದ್ಯನಾದ ಅಲ್ ರಾಜಿಯು ಕ್ರಿ. ಶ. 900ರ ಸುಮಾರಿಗೆ ಇವೆರಡನ್ನೂ ಕುರಿತು ಪ್ರತ್ಯೇಕವಾದ ಗ್ರಂಥವನ್ನೇ ಬರೆದು, ದಡಾರಕ್ಕೆ ಹೆಚ್ಚು ಹೆದರಬೇಕೆಂದು ಎಚ್ಚರಿಸಿದನು. ನಮ್ಮ ಹಳ್ಳಿಗಳ ಎಣಿಕೆಯಾದರೋ ಇದಕ್ಕೆ ವಿಪರೀತ. ದಡಾರವು ಪ್ರತಿಯೊಂದು ಮಗುವಿಗೂ ಒಮ್ಮೆ ಎದ್ದು ಹೋಗತಕ್ಕದ್ದೆಂದೇ ಎಲ್ಲರೂ ತಿಳಿದಿದ್ದರು.

ಸಿಡುಬಿಗೆ ಪರಿಹಾರವು ಬೇಗನೆ ಬಂದಿತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಹಾಕಿದ ದೇವಿಯು ಫಲಿಸಿತು. ಆ ಮಗುವಿನ ತೋಳಿನ ರಸದಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ, ಹೀಗೆ ತೋಳಿನಿಂದ ತೋಳಿಗೆ ದಾಟುತ್ತ ಅದು ದಕ್ಷಿಣಕ್ಕೆ ಇಳಿಯಿತು. ಮೈಸೂರು ಸಂಸ್ಥಾನದಲ್ಲಿ ಈ ಕಾರ್ಯಕ್ಕೆ ಕೈಹಾಕಿದವರಲ್ಲಿ ಫ್ರೆಂಚ್ ಪಾದ್ರಿಯಾದ ಅಬ್ಬೆ ದುಬಾಯಿಯವರು ಪ್ರಮುಖರು. ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಗ್ರಂಥದ ಕರ್ತೃವೆಂದು ಅವರು ಪ್ರಸಿದ್ಧರು. ಅವರು ರೈತರ ನೆಲೆಯೊಂದನ್ನು ಕಟ್ಟಿಸಿದ ಸಾತಳ್ಳಿಯು ಹಾಸನಕ್ಕೆ ಸಮೀಪದಲ್ಲಿಯೇ ಇದೆಯೆಂಬುದು ಅನೇಕರಿಗೆ ತಿಳಿಯದು. 1803-04ರಲ್ಲಿ ಅವರ ಲೆಕ್ಕಕ್ಕೆ ಸೇರಿದ, ದೇವಿ ಹಾಕಿಸಿಕೊಂಡ ಜನರ ಸಂಖ್ಯೆ 25,432. ರೈಲೂ ಇಲ್ಲದ, ಒಳ್ಳೆಯ ರಸ್ತೆಯೂ ಇಲ್ಲದ ಕಾಲದಲ್ಲಿ ಇದು ಸಾಮಾನ್ಯವಾದ ಕೆಲಸವಲ್ಲ. 1806ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರಿಗೂ ದೇವಿ ಹಾಕಲಾಯಿತು. ಅರಮನೆಯು ಒಪ್ಪಿದ ಮೇಲೆ ಜನರ ಸಂಕೋಚವೂ ಕೆಲಮಟ್ಟಿಗೆ ಸಡಿಲಿತು.

ಸಂಕೋಚಕ್ಕೆ ಕಾರಣಗಳಿದ್ದವು. ಯಾವ ಜಾತಿಯ ಮಗುವಿನ ತೋಳಿನ ರಸವು ತಮ್ಮ ಮಗುವಿನ ಮೈಗೆ ಸೇರುವುದೋ ಎಂಬುದು ಒಂದು ಅಂಜಿಕೆ. ಅಮ್ಮನ ಕೋಪವು ಇನ್ನೊಂದು. ಇದನ್ನು ಕಳೆಯಲೆಂದು ಮದ್ರಾಸಿನಲ್ಲಿದ್ದ ಎಲ್ಲಿಸ್ ಎಂಬ ವಿದ್ವಾಂಸ ಅಧಿಕಾರಿಯು ದೇವಿ ಹಾಕುವುದನ್ನು ಕುರಿತು ಸಂಸ್ಕೃತದಲ್ಲಿ ಪದ್ಯಗಳನ್ನು ರಚಿಸಿ, ಹಳೆಯ ಕಾಗದದ ಮೇಲೆ ಬರೆಯಿಸಿ, ಪುರಾತನ ಗ್ರಂಥವೊಂದು ದೊರಕಿತೆಂದು ಹಬ್ಬಿಸಿದನಂತೆ. ಉದ್ದೇಶವು ಒಳ್ಳೆಯದೇ. ಆದರೆ ದೇವಿ ಹಾಕುವ ವಿದ್ಯೆ ಧನ್ವಂತರಿಯ ಕಾಲದಿಂದಲೂ ನಮ್ಮಲ್ಲಿತ್ತೆಂದು ಇಂಥ ಪದ್ಯಗಳನ್ನು ಮುಂದಿಟ್ಟುಕೊಂಡು ವಾದಿಸುವವರು ಇಂದಿಗೂ ಇದ್ದಾರೆ. ಶ್ಲೋಕವಾದ ಮಾತ್ರದಿಂದ ಒಂದು ಮಾತು ಪ್ರಾಚೀನವಾಗುವುದಿಲ್ಲ.

ಬೇನೆಗಳ ಹೆಸರೊಂದೇ ಆದುದರ ತೊಡಕು ಇಲ್ಲಿಂದ ಮೊದಲಾಗುತ್ತದೆ. ದೇವಿಯು ಸಿಡುಬನ್ನು ಮಾತ್ರ ತಡೆಯುವುದು. ದೇವಿ ಹಾಕಿಸಿಕೊಂಡ ಮಗುವಿಗೆ ದಡಾರ ಎದ್ದರೆ, 'ಹಾಕಿಸಿದರೂ ಅಮ್ಮ ಬಿಡಲಿಲ್ಲ' ಎಂದು ತಾಯಿಯು ತಿಳಿಯುವುದು ಸಹಜವಲ್ಲವೆ?

ಬೇವಿನ ಸೊಪ್ಪಿನ ವಿಷಯದಲ್ಲಿಯೂ ಹೀಗೆಯೇ. ಬಾಗಿಲಿನಲ್ಲಿ ಸೊಪ್ಪು ಕಂಡರೆ ನೆರೆಯವರು ಒಳಕ್ಕೆ ಬರುತ್ತಿರಲಿಲ್ಲ. ಇದನ್ನು ಮೂಢಾಚಾರವೆಂದು ನಗುವವರು ಒಂದು ಸಂಗತಿಯನ್ನು ಗಮನಿಸಬೇಕು: ಸಿಡುಬು ಬಹುಮಟ್ಟಿಗೆ ಮೈಮೇಲೆ ಎದ್ದ ಅನಂತರವೇ ಇತರರಿಗೆ ಅಂಟುವಂಥದು. ಆದುದರಿಂದ ಆ ಸೊಪ್ಪು ಸಿಡುಬಿನ ಮಟ್ಟಿಗೆ ತಕ್ಕ ಕಾಲದಲ್ಲಿಯೇ ಬಾಗಿಲೇರುತ್ತಿತ್ತು. ದಡಾರವಾದರೋ ದದ್ದು ಕಾಣುವುದಕ್ಕೆ ನಾಲ್ಕು ದಿನ ಮೊದಲೇ ಅಂಟತೊಡಗುತ್ತದೆ. ಬರಿಯ ನೆಗಡಿ, ಕೆಮ್ಮು, ಕಣ್ಣುಕೆಂಪು ಎಂದು ತಿಳಿದು ಮಗುವನ್ನು ಮಠಕ್ಕೆ ಕಳುಹಿಸುವ ದಿನಗಳು ಅವೇ. ರೋಗಿಯು ಎದ್ದುಹೋದ ಕೋಣೆಯ ಗಾಳಿಯಲ್ಲಿ ಅದರ ವಿಷವು ಎರಡು ಗಂಟೆಗಳವರೆಗೆ ನಿಲ್ಲಬಲ್ಲದು; ರಕ್ಷಣೆಯಿಲ್ಲದ ಹತ್ತು ಮಂದಿ ಬಳಿಯಲ್ಲಿದ್ದರೆ ಒಂಬತ್ತು ಮಂದಿಗೆ ತಗಲುವುದು. ಸೊಪ್ಪು ಕಟ್ಟುವ ಹೊತ್ತಿಗೆ ಬೇನೆಯು ಬೀದಿಯನ್ನು ದಾಟಿರುತ್ತಿತ್ತು. ಡೆನ್ಮಾರ್ಕಿನ ಪಾನುಮ್ ಎಂಬ ತರುಣ ವೈದ್ಯನು 1846ರಲ್ಲಿ ಫಾರೋ ದ್ವೀಪಗಳಲ್ಲಿ ಮನೆಮನೆಗೂ ತಿರುಗಿ, ಒಬ್ಬರಿಂದ ತಗಲಿ ಇನ್ನೊಬ್ಬರ ಮೈಮೇಲೆ ದದ್ದೇಳುವುದಕ್ಕೆ ಸುಮಾರು 14 ದಿನಗಳು ಬೇಕೆಂದೂ, ಒಮ್ಮೆ ಬಂದವರಿಗೆ ಮತ್ತೆ ಬಾರದೆಂದೂ ಕಂಡುಕೊಂಡನು.

ದಡಾರದಲ್ಲಿ ಮಗುವನ್ನು ಕೊಲ್ಲುವುದು ದದ್ದಲ್ಲ. ಅದರ ಬೆನ್ನಿಗೆ ಬರುವ ಶ್ವಾಸಕೋಶದ ಉರಿ ಮತ್ತು ಭೇದಿ. ಕೆಲವರ ಕಣ್ಣೂ ಹೋಗುತ್ತದೆ. ಪಥ್ಯದ ನೆಪದಲ್ಲಿ ಗಂಜಿಯ ತಿಳಿಯೊಂದನ್ನೇ ಕೊಟ್ಟು ಬಡವಾಗಿಸಿದ ಮಗುವು ಇವನ್ನು ತಾಳಲಾರದು. 'ಅಮ್ಮ ಇಳಿದಳು' ಎಂದು ತಲೆಗೆ ನೀರು ಹಾಕಿದ ಮೇಲೆ ಮಗು ತೀರಿಕೊಂಡರೆ ಆ ಸಾವು ದಡಾರದ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಅದಕ್ಕೆ ಸಾಧುವೆಂಬ ಹೆಸರು ಉಳಿದುದಕ್ಕೆ ಇದೂ ಒಂದು ಕಾರಣ.

ಭಾರತದಲ್ಲಿ ಸಿಡುಬು 1975ರಲ್ಲಿ ಕೊನೆಗೊಂಡಿತು. ದಡಾರದ ಲಸಿಕೆ ಅಮೆರಿಕದಲ್ಲಿ 1963ರಲ್ಲಿಯೇ ಬಳಕೆಗೆ ಬಂದಿದ್ದರೂ, ನಮ್ಮ ದೇಶದ ಸಾರ್ವತ್ರಿಕ ಲಸಿಕೆಗಳ ಪಟ್ಟಿಗೆ ಸೇರಿದುದು 1985ರಲ್ಲಿ. ಮುಂಬಯಿಯ ಆ ಮಗುವಿಗೆ ದೇವಿ ಹಾಕಿದ 183 ವರ್ಷಗಳ ತರುವಾಯ. ಒಂಬತ್ತನೆಯ ತಿಂಗಳಲ್ಲಿ ಒಂದೇ ಸಲ ಹಾಕಿದರೆ ನೂರರಲ್ಲಿ ಸುಮಾರು ಹದಿನೈದು ಮಕ್ಕಳಿಗೆ ಅದು ಹತ್ತುವುದಿಲ್ಲ. ಆದುದರಿಂದ 2010ರಿಂದ ಎರಡನೆಯ ಸರದಿಯು ಸೇರಿತು. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾಗಳೆರಡಕ್ಕೂ ಒಂದೇ ಲಸಿಕೆಯನ್ನು ಕೊಡತೊಡಗಿದಾಗ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಒಂಬತ್ತು ತಿಂಗಳು ತುಂಬಿದ ಕೂಸಿನಿಂದ ಹದಿನೈದು ವರ್ಷದೊಳಗಿನ ಮಕ್ಕಳವರೆಗೆ, ಹಿಂದೆ ಹಾಕಿಸಿಕೊಂಡಿದ್ದವರಿಗೂ ಬಿಡದೆ, ಅದನ್ನು ಹಾಕಲಾಯಿತು.