ಧಾರವಾಡದ ಗೋಡೆಯಿಂದ ತಾಲ್ಲೂಕಿನ ಬಾಗಿಲಿಗೆ

ವಿಜಾಪುರ ಸೀಮೆಯಲ್ಲಿ ಯಾರಾದರೂ ತಲೆಕೆಟ್ಟಂತೆ ಮಾತನಾಡಿದರೆ, 'ಇವನನ್ನು ಧಾರವಾಡಕ್ಕೆ ಕಳಿಸಬೇಕು' ಎಂದು ನಗೆಯಾಡುವುದುಂಟು. ಕೇಳಿದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಧಾರವಾಡ ವಿದ್ಯೆಯ ಊರು, ಸಂಗೀತದ ಊರು, ಪೇಢೆಯ ಊರು. ಆದರೆ ಈ ಮಾತಿನಲ್ಲಿ ಮಾತ್ರ ಅದು ಹುಚ್ಚಾಸ್ಪತ್ರೆಯ ಊರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿಗರಿಗೆ ಮನೋರೋಗದ ಸರಕಾರಿ ಚಿಕಿತ್ಸೆ ಎಂದರೆ ಬಹುಕಾಲ ಆ ದೂರದ ಆಸ್ಪತ್ರೆಯೇ ಆಗಿತ್ತು. ಇಂಡಿಯಿಂದ ಅಲ್ಲಿಗೆ ಇನ್ನೂರು ಕಿಲೊಮೀಟರಿಗೂ ಹೆಚ್ಚು. ರೋಗ ಹುಟ್ಟುವುದು ಊರಿನಲ್ಲಿ, ಮದ್ದು ಇರುವುದು ಪರಊರಿನಲ್ಲಿ. ಈ ದೂರ ಹೇಗೆ ಉಂಟಾಯಿತು, ಎಷ್ಟರಮಟ್ಟಿಗೆ ಕರಗಿದೆ ಎಂಬುದೇ ಈ ಭಾಗದ ಮಾನಸಿಕ ಆರೋಗ್ಯದ ಕಥೆ.

ಗೋಡೆಯೊಳಗಿನ ಕಾಲ

ಧಾರವಾಡದ ಆಸ್ಪತ್ರೆ ಶುರುವಾದದ್ದು 1845ರಲ್ಲಿ, ಮುಂಬಯಿ ಸರಕಾರದ ಆಡಳಿತದಲ್ಲಿ. ಅಂದು ಅದರ ಹೆಸರಿನಲ್ಲಿ ಆಸ್ಪತ್ರೆ ಎಂಬ ಪದವೇ ಇರಲಿಲ್ಲ. ಅದು ಹುಚ್ಚರ ಆಶ್ರಯಧಾಮ. ರೋಗಿಯನ್ನು ಗುಣಪಡಿಸುವುದಕ್ಕಿಂತ ಬೀದಿಯಿಂದ ದೂರವಿಡುವುದೇ ಇಂಥ ಸಂಸ್ಥೆಗಳ ಮುಖ್ಯ ಕೆಲಸವಾಗಿತ್ತು. 1858ರ ಕಾನೂನು, ಅದರ ನಂತರ 1912ರ ಭಾರತೀಯ ಹುಚ್ಚರ ಕಾಯಿದೆ ಇದಕ್ಕೆ ಚೌಕಟ್ಟು ಹಾಕಿದವು. ಅಲೆಯುವ ಮನೋರೋಗಿಯನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ವೈದ್ಯರ ಪ್ರಮಾಣಪತ್ರ, ಮ್ಯಾಜಿಸ್ಟ್ರೇಟರ ಆದೇಶ ಎರಡೂ ಆದ ಮೇಲೆ ರೋಗಿ ಗೋಡೆಯೊಳಕ್ಕೆ ಸೇರುತ್ತಿದ್ದ. ಕಳ್ಳನೂ ರೋಗಿಯೂ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ನಡೆಯಬೇಕಾಗಿತ್ತು. ಮನೋರೋಗಕ್ಕೆ ಅಂಟಿದ ಕಳಂಕದಲ್ಲಿ ಈ ಪದ್ಧತಿಯ ಪಾಲೂ ಇದೆ ಎಂಬುದನ್ನು ಮರೆಯುವಂತಿಲ್ಲ.

ಆ ದಾರಿ ಹಿಡಿದವರೂ ಕೆಲವರೇ. ಹೋಟಗಿಯಿಂದ ವಿಜಾಪುರದ ಮೇಲೆ ಗದಗಕ್ಕೆ ಹೋಗುವ ರೈಲುಮಾರ್ಗ 1880ರ ದಶಕದಲ್ಲಿ ಬಂದಿತಾದರೂ ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ಇಂದಿಗೂ ರೈಲು ಇಲ್ಲ. ಉಳಿದವರು ಏನು ಮಾಡುತ್ತಿದ್ದರು? 'ಗಾಳಿ ಸೋಕಿದೆ', 'ಮಾಟ ಮಾಡಿಸಿದ್ದಾರೆ', 'ಭಾನಾಮತಿ' ಎಂಬ ಮಾತುಗಳು ಊರಲ್ಲೇ ಸಿಗುತ್ತಿದ್ದವು. ತಾಯತ, ಹರಕೆ, ಗುಡಿ, ದರ್ಗಾ ಹತ್ತಿರದಲ್ಲಿದ್ದವು. ರೋಗಿ ತೀರಾ ರೇಗಿದರೆ ದನದ ಕೊಟ್ಟಿಗೆಯ ಕಂಬ, ಕಾಲಿಗೊಂದು ಸರಪಳಿ. ಇದನ್ನೆಲ್ಲ ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಹತ್ತಿರ ಬೇರೆ ಬಾಗಿಲೇ ಇಲ್ಲದಿದ್ದಾಗ ಜನ ಇದ್ದ ಬಾಗಿಲನ್ನೇ ತಟ್ಟುತ್ತಾರೆ. ಗುಡಿ, ದರ್ಗಾಗಳಲ್ಲಿ ಮದ್ದು ಇರಲಿಲ್ಲ. ಆದರೆ ಅಲ್ಲಿ ರೋಗಿಯ ಜೊತೆ ಮನೆಯವರಿಗೂ ಜಾಗವಿತ್ತು, ಆಶ್ರಯಧಾಮದ ಗೋಡೆಯೊಳಗೆ ಅದು ಇರಲಿಲ್ಲ.

ನೆಲದ ಕಷ್ಟ, ಮನದ ಕಷ್ಟ

ಮನೋರೋಗಗಳಿಗೆ ಒಂದೇ ಕಾರಣವಿಲ್ಲ. ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆಗಳಲ್ಲಿ ಅನುವಂಶೀಯತೆ ಮತ್ತು ಮೆದುಳಿನ ರಾಸಾಯನಿಕ ಏರುಪೇರಿನ ಪಾತ್ರ ದೊಡ್ಡದು. ಅವು ಬಡವ ಬಲ್ಲಿದ ಎನ್ನದೆ ಎಲ್ಲ ದೇಶಗಳಲ್ಲೂ ಕಂಡುಬರುತ್ತವೆ. ಖಿನ್ನತೆ, ಆತಂಕ, ಕುಡಿತದ ಚಟಗಳ ವಿಷಯ ಸ್ವಲ್ಪ ಬೇರೆ. ಇವುಗಳಲ್ಲಿ ದೇಹದ ಜೊತೆಗೆ ಬದುಕಿನ ಪೆಟ್ಟುಗಳೂ ಸೇರಿರುತ್ತವೆ. ಸಾಲ, ನಷ್ಟ, ಅಗಲಿಕೆ, ಹಿಂಸೆ, ಒಂಟಿತನ ಇವು ಮನಸ್ಸಿನ ಬಲವನ್ನು ಸವೆಸುತ್ತವೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಪೆಟ್ಟುಗಳು ನೆಲಕ್ಕೇ ಅಂಟಿಕೊಂಡು ಬಂದಿವೆ.

ಮೊದಲನೆಯದು ಬರ. 'ಡೋಣಿ ಹರಿದರೆ ಓಣಿ ತುಂಬ ಕಾಳು' ಎಂಬುದು ಇಲ್ಲಿಯ ಮಾತು. ಡೋಣಿ ಹರಿಯದ ವರ್ಷದ ಗತಿ ಏನೆಂಬುದೂ ಆ ಮಾತಿನೊಳಗೇ ಇದೆ. ಭೀಮೆ, ಕೃಷ್ಣೆಯರ ನಡುವಿನ ಈ ಎರೆಭೂಮಿಯಲ್ಲಿ ಮಳೆ ವರ್ಷಕ್ಕೆ 60 ಸೆಂಟಿಮೀಟರಿನ ಆಸುಪಾಸು, ಅದೂ ನಂಬುವಂಥದಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ, ಅಂದು ಕಲಾದಗಿ ಎಂದು ಕರೆಯುತ್ತಿದ್ದ ಈ ಜಿಲ್ಲೆ ಹಸಿವು, ರೋಗ, ಗುಳೆಗಳಿಂದ ತನ್ನ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತು. 1970ರ ದಶಕದ ಆರಂಭದ ಬರವೂ ಹಿರಿಯರ ನೆನಪಿನಲ್ಲಿದೆ. ಕ್ಷಾಮದ ವರದಿಗಳು ಸತ್ತವರನ್ನು ಎಣಿಸಿದವು, ಸತ್ತ ಜಾನುವಾರುಗಳನ್ನೂ ಎಣಿಸಿದವು. ಉಳಿದವರ ಮನಸ್ಸಿಗೆ ಏನಾಯಿತೆಂದು ಬರೆದಿಡುವ ಪದ್ಧತಿ ಆಗ ಇರಲಿಲ್ಲ.

ಎರಡನೆಯದು ಗುಳೆ. ಸುಗ್ಗಿ ಮುಗಿದ ಮೇಲೆ ಗೋವೆಗೆ, ಪುಣೆ-ಮುಂಬಯಿಗಳಿಗೆ, ಕಬ್ಬಿನ ಸೀಮೆಗಳಿಗೆ ದುಡಿಯಲು ಹೋಗುವುದು ಇಲ್ಲಿ ತಲೆಮಾರುಗಳ ರೂಢಿ. ಊರಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಹೋದವರಿಗೆ ಪರಭಾಷೆ, ತಗಡಿನ ಗುಡಿಸಲು, ಮುಕಾದಮನ ಮುಂಗಡ. ಕಷ್ಟ ಹೇಳಿಕೊಳ್ಳಲು ಸಿಗುತ್ತಿದ್ದ ಅಣ್ಣ, ಅತ್ತೆ, ನೆರೆಯವರ ಬಳಗ ಎರಡೂ ಕಡೆ ಹರಿದುಹೋಗುತ್ತದೆ. ಹೆಂಗಸರಿಗೆ ಇದು ಇಮ್ಮಡಿ ಭಾರ. ಗಂಡ ಕುಡಿತಕ್ಕೆ ಬಿದ್ದರೆ ಮೂರು ಪಟ್ಟು.

ಮೂರನೆಯದು ಮುಳುಗಡೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದವರು ಲಾಲ್ ಬಹಾದುರ್ ಶಾಸ್ತ್ರಿ. ಬರದ ನಾಡಿಗೆ ನೀರು ತರುವ ಈ ಯೋಜನೆಗೆ ಎರಡು ಅಣೆಕಟ್ಟುಗಳು, ನಾರಾಯಣಪುರ ಮತ್ತು ಆಲಮಟ್ಟಿ. ಹಿನ್ನೀರಿಗೆ ನೂರಕ್ಕೂ ಹೆಚ್ಚು ಹಳ್ಳಿಗಳು ಸಿಕ್ಕಿದವು. ಅಂದು ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಕೊಲ್ಹಾರದಂಥ ದೊಡ್ಡ ಊರೇ ಎದ್ದು ಬೇರೆ ಜಾಗದಲ್ಲಿ ಕೂರಬೇಕಾಯಿತು. ಪರಿಹಾರದ ಲೆಕ್ಕದಲ್ಲಿ ಮನೆ ಇತ್ತು, ಹೊಲ ಇತ್ತು, ಗಿಡಮರಗಳಿದ್ದವು. ಓಣಿ, ಕಟ್ಟೆ, ನದಿಯ ದಂಡೆಗಳಿಗೆ ಬೆಲೆ ಕಟ್ಟುವ ಕೋಷ್ಟಕ ಯಾರ ಬಳಿಯೂ ಇರಲಿಲ್ಲ. ನೀರು ಬಂದ ಕಡೆ ಹಸಿರು ಬಂತು ನಿಜ. ಆ ನೀರಿಗಾಗಿ ಊರು ಬಿಟ್ಟವರ ದುಗುಡಕ್ಕೆ ಚಿಕಿತ್ಸೆ ಬೇಕಾದೀತೆಂದು ಯೋಜನೆ ಎಣಿಸಿರಲಿಲ್ಲ.

ರೈತರ ಆತ್ಮಹತ್ಯೆಗಳು ಹೆಚ್ಚಿದಾಗ ಈ ಪ್ರಶ್ನೆ ಬಹಿರಂಗಕ್ಕೆ ಬಂತು. ಡಾ. ಜಿ.ಕೆ. ವೀರೇಶ್ ನೇತೃತ್ವದ ತಜ್ಞರ ಸಮಿತಿ 2002ರಲ್ಲಿ ಕೊಟ್ಟ ವರದಿ ಸಾಲದ ಜೊತೆಗೆ ಕುಡಿತ, ಕೌಟುಂಬಿಕ ಕಲಹಗಳನ್ನೂ ಕಾರಣಗಳಾಗಿ ಎತ್ತಿ ತೋರಿಸಿತು. ಬೆಳೆನಷ್ಟ, ಬೆಲೆಕುಸಿತಗಳ ಹೊಣೆಯನ್ನು ರೈತನ ಮನೆಯ ಮೇಲೆ ಹೊರಿಸಿದಂತಾಯಿತು ಎಂಬ ಟೀಕೆಯೂ ಬಂತು. ಟೀಕೆಯಲ್ಲಿ ಹುರುಳಿದೆ. ಆದರೆ ಸಾಲವೋ ಮನಸ್ಸೋ ಎಂಬ ಎರಡರಲ್ಲೊಂದನ್ನು ಆರಿಸುವ ಅಗತ್ಯವೇ ಇಲ್ಲ. ಸಾಲ ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟವನು ಕುಡಿಯುತ್ತಾನೆ, ಕುಡಿತ ಮನೆ ಒಡೆಯುತ್ತದೆ, ಒಡೆದ ಮನೆಯಲ್ಲಿ ಸಾಲ ಇನ್ನಷ್ಟು ಭಾರವಾಗುತ್ತದೆ. ಈ ಸರಪಳಿಯನ್ನು ಎಲ್ಲಿ ಕಡಿದರೂ ಒಂದು ಜೀವ ಉಳಿಯಬಹುದು. ಸಾಲದ ಕಡೆಯಿಂದ ಕಡಿಯಬೇಕಾದದ್ದು ಸರಕಾರ ಮತ್ತು ಬ್ಯಾಂಕು. ಮನಸ್ಸಿನ ಕಡೆಯಿಂದ ಕಡಿಯಲು ಹತ್ತಿರದಲ್ಲಿ ಒಬ್ಬ ವೈದ್ಯ ಬೇಕು.

ಬಳ್ಳಾರಿಯ ಪಾಠ

ಆ ವೈದ್ಯನನ್ನು ಹತ್ತಿರ ತರುವ ಯೋಚನೆ ಹುಟ್ಟಿದ್ದರಲ್ಲಿ ಕರ್ನಾಟಕದ ಪಾಲು ದೊಡ್ಡದು. 1952ರಲ್ಲಿ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಝಿನ್ ಎಂಬ ಔಷಧದ ಬಳಕೆ ಆರಂಭವಾದ ಮೇಲೆ ತೀವ್ರ ಮನೋರೋಗಿಗಳೂ ಮನೆಯಲ್ಲೇ ಇದ್ದು ಚಿಕಿತ್ಸೆ ಪಡೆಯುವುದು ಸಾಧ್ಯವಾಯಿತು. ಪಶ್ಚಿಮದ ದೇಶಗಳು ಆಶ್ರಯಧಾಮಗಳನ್ನು ಖಾಲಿ ಮಾಡತೊಡಗಿದವು. ಇಟಲಿ 1978ರಲ್ಲಿ ಅದಕ್ಕಾಗಿ ಕಾನೂನನ್ನೇ ತಂದಿತು. ಭಾರತದ ಸಮಸ್ಯೆ ತಿರುವುಮುರುವು. ಇಲ್ಲಿ ಖಾಲಿ ಮಾಡಲು ಹಾಸಿಗೆಗಳೇ ಇರಲಿಲ್ಲ. ಇಡೀ ದೇಶಕ್ಕೆ ನಲವತ್ತರಷ್ಟು ಮಾನಸಿಕ ಆಸ್ಪತ್ರೆಗಳು, ಸುಮಾರು 20 ಸಾವಿರ ಹಾಸಿಗೆಗಳು.

ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದ ಮಧ್ಯದಲ್ಲಿ ಸಮುದಾಯ ಮನೋವೈದ್ಯ ಘಟಕವನ್ನು ತೆರೆದು, ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ಸ್ಥಾಪಿಸಿತು. ಅದೇ ಹೊತ್ತಿಗೆ ಚಂಡೀಗಢದ ವೈದ್ಯರು ಹರಿಯಾಣದ ರಾಯಪುರ ರಾಣಿಯಲ್ಲಿ ಇಂಥದೇ ಪ್ರಯೋಗ ನಡೆಸಿದರು. ಎರಡರ ಉತ್ತರವೂ ಒಂದೇ: ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಅಲ್ಪ ಕಾಲದ ತರಬೇತಿ ಕೊಟ್ಟರೆ ಸಾಕು, ಮುಖ್ಯ ಮನೋರೋಗಗಳನ್ನು, ಜೊತೆಗೆ ಮೂರ್ಛೆರೋಗವನ್ನು ಅವರೇ ಗುರುತಿಸಿ ನೋಡಿಕೊಳ್ಳಬಲ್ಲರು. 1982ರಲ್ಲಿ ಬಂದ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ತಳಹದಿ.

ಒಂದು ಕೇಂದ್ರದಲ್ಲಿ ಆದದ್ದು ಇಡೀ ಜಿಲ್ಲೆಯಲ್ಲಿ ಆದೀತೇ? ಅದನ್ನು ಪರೀಕ್ಷಿಸಲು 1985ರಲ್ಲಿ ಆರಿಸಿಕೊಂಡದ್ದು ಬಳ್ಳಾರಿಯನ್ನು. ಅದೂ ವಿಜಾಪುರದಂತೆ ಬರಕ್ಕೆ ಪಕ್ಕಾದ, ದೊಡ್ಡ ಆಸ್ಪತ್ರೆಗಳಿಂದ ದೂರವಿದ್ದ ಜಿಲ್ಲೆ. ವೈದ್ಯರಿಗೆ ತರಬೇತಿ, ಕೇಂದ್ರಗಳಲ್ಲಿ ನಾಲ್ಕಾರು ಅಗತ್ಯ ಔಷಧಗಳು, ಸರಳವಾದ ದಾಖಲೆ ಪುಸ್ತಕ, ಕಷ್ಟದ ರೋಗಿಗಳಿಗಾಗಿ ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರ ತಂಡ. ಇಷ್ಟೇ ಅದರ ಬಂಡವಾಳ. ಈ 'ಬಳ್ಳಾರಿ ಮಾದರಿ'ಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬ ಹೆಸರಿನಲ್ಲಿ ದೇಶಕ್ಕೆ ವಿಸ್ತರಿಸಿತು. ಕೇಂದ್ರ ಸರಕಾರ ಮೊದಲು ನಾಲ್ಕು ರಾಜ್ಯಗಳ ನಾಲ್ಕು ಜಿಲ್ಲೆಗಳನ್ನು ಆಯ್ದುಕೊಂಡಿತು. ಇಂದು ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಈ ಕಾರ್ಯಕ್ರಮವಿದೆ.

ಮಂಗಳವಾರದ ವೈದ್ಯರು

ಕಾಯಿದೆಯ ಭಾಷೆಯೂ ಬದಲಾಯಿತು. 1912ರ ಹುಚ್ಚರ ಕಾಯಿದೆಯ ಜಾಗಕ್ಕೆ 1987ರ ಮಾನಸಿಕ ಆರೋಗ್ಯ ಕಾಯಿದೆ ಬಂತು. ಅದರ ಜಾಗಕ್ಕೆ ಬಂದ 2017ರ ಕಾಯಿದೆ ಮಾನಸಿಕ ಚಿಕಿತ್ಸೆಯನ್ನು ಪ್ರಜೆಯ ಹಕ್ಕು ಎಂದು ಕರೆಯಿತು, ಸರಪಳಿ ಹಾಕುವುದನ್ನು ನಿಷೇಧಿಸಿತು, ಆತ್ಮಹತ್ಯೆಗೆ ಯತ್ನಿಸಿದವನನ್ನು ಅಪರಾಧಿಯಂತಲ್ಲ, ತೀವ್ರ ಒತ್ತಡಕ್ಕೆ ಸಿಕ್ಕವನಂತೆ ಕಾಣಬೇಕೆಂದಿತು. ಧಾರವಾಡದ ಹಳೆಯ ಆಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ಬೋಧನಾ ಸಂಸ್ಥೆ. ವಿಜಯಪುರ ನಗರದಲ್ಲೇ 1980ರ ದಶಕದಲ್ಲಿ ಎರಡು ವೈದ್ಯಕೀಯ ಕಾಲೇಜುಗಳು ಹುಟ್ಟಿದ್ದರಿಂದ ಮನೋವೈದ್ಯರು ಜಿಲ್ಲೆಯೊಳಗೇ ಸಿಗುವಂತಾಯಿತು.

ಹಳ್ಳಿಗರ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು 2010ರ ದಶಕದ ಮಧ್ಯದಲ್ಲಿ ರಾಜ್ಯ ಸರಕಾರ ಆರಂಭಿಸಿದ 'ಮನೋಚೈತನ್ಯ'. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ರೋಗಿಗಳನ್ನು ನೋಡಬೇಕೆಂಬುದು ಅದರ ತಿರುಳು. ಔಷಧ ಉಚಿತ. ಇದರಲ್ಲಿ ಹೊಸ ವೈದ್ಯಶಾಸ್ತ್ರವೇನೂ ಇಲ್ಲ. ಆದರೆ ಸಂತೆಗೆ ಬಂದಂತೆ ಬಂದು, ಜ್ವರಕ್ಕೆ ನಿಲ್ಲುವ ಸಾಲಿನ ಪಕ್ಕದಲ್ಲೇ ನಿಂತು, ಸಂಜೆಯೊಳಗೆ ಮನೆ ಸೇರಬಹುದಾದ ಚಿಕಿತ್ಸೆ ಅದು. ಪೊಲೀಸರಿಲ್ಲ, ಮ್ಯಾಜಿಸ್ಟ್ರೇಟರಿಲ್ಲ, 'ಧಾರವಾಡಕ್ಕೆ ಹೋಗಿ ಬಂದವರು' ಎಂಬ ಹಣೆಪಟ್ಟಿಯಿಲ್ಲ. 2022ರ ಅಕ್ಟೋಬರಿನಲ್ಲಿ 14416 ಸಂಖ್ಯೆಯ 'ಟೆಲಿ ಮಾನಸ್' ದೂರವಾಣಿ ಸೇವೆಯೂ ಸೇರಿಕೊಂಡಿತು. ಗೋವೆಯ ಕಟ್ಟಡದ ನೆರಳಲ್ಲಿ ಕುಳಿತ ಕೂಲಿಕಾರನೂ ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಉಳಿದ ದೂರ

ಇಷ್ಟಾದರೂ ದೂರ ಪೂರ್ತಿ ಕರಗಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆಯಿತ್ತು. ಕಾಯಿಲೆಗೆ ತಕ್ಕಂತೆ ಅವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಮನೋರೋಗದ ಔಷಧಗಳ ಸ್ವಭಾವವೂ ಇಲ್ಲಿ ಮುಖ್ಯ. ಬಹುಪಾಲು ಔಷಧಗಳು ಕೆಲಸ ಮಾಡಲು ವಾರಗಳು ಬೇಕು, ಗುಣ ಕಂಡ ಮೇಲೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ನುಂಗಬೇಕು. ಗುಳೆ ಹೋದವರ ಗುಳಿಗೆ ಮೊದಲ ತಿಂಗಳಲ್ಲೇ ಮುಗಿಯುತ್ತದೆ. ಪರನಾಡಿನಲ್ಲಿ ಕಾಗದವೂ ಇಲ್ಲ, ಗುರುತಿನ ವೈದ್ಯನೂ ಇಲ್ಲ. ರೋಗ ಮರುಕಳಿಸಿದಾಗ ಮನೆಯವರಿಗೆ ಅನಿಸುವುದು 'ಆಸ್ಪತ್ರೆಯ ಔಷಧವೂ ಫಲಿಸಲಿಲ್ಲ' ಎಂದೇ. ಸುಗ್ಗಿಗೆ ಮುಂಚೆಯೇ ಹೆಚ್ಚು ದಿನಗಳ ಔಷಧ ಕೊಟ್ಟು, ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಹೆಸರು ಬರೆದಿಡುವಂಥ ಸಣ್ಣ ಏರ್ಪಾಡು ಇಲ್ಲಿ ದೊಡ್ಡ ಕಟ್ಟಡಕ್ಕಿಂತ ಹೆಚ್ಚು ಕೆಲಸ ಮಾಡೀತು.

2018ರಿಂದೀಚೆಗೆ ಈ ನಾಲ್ಕು ತಾಲ್ಲೂಕುಗಳು ಒಡೆದು ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳು ತಾಲ್ಲೂಕು ಕೇಂದ್ರಗಳಾಗಿವೆ. ಕಚೇರಿಗಳು ಜನರ ಹತ್ತಿರ ಬಂದಂತೆ ಮನೋವೈದ್ಯರ ಮಂಗಳವಾರವೂ ಆ ಊರುಗಳಿಗೆ ಬರಬೇಕು. ಬಂದ ಮೇಲೆ ತಪ್ಪದೆ ಬರಬೇಕು. ಒಮ್ಮೆ ಬಸ್ಸು ಹಿಡಿದು ಬಂದು ವೈದ್ಯರಿಲ್ಲವೆಂದು ಮರಳಿದ ತಾಯಿ ಎರಡನೆಯ ಸಲ ಮಗನನ್ನು ಕರೆತರುವುದು ಕಷ್ಟ.

ಕನ್ನಡದಲ್ಲಿ ಈ ತಿಳಿವಳಿಕೆಗೆ ಕೊರತೆಯಿಲ್ಲ. 'ರಾಶಿ' ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ತಿಳಿವಳಿಕೆ ಇದೆ, ಕಾಯಿದೆ ಇದೆ, ಔಷಧವೂ ಇದೆ. ಇವು ಮೂರೂ ಒಂದೇ ದಿನ ಒಂದೇ ಬಾಗಿಲಲ್ಲಿ ಸಿಕ್ಕಬೇಕು. ಅಂಥ ಬಾಗಿಲು ಊರ ಪಕ್ಕದಲ್ಲೇ ತೆರೆದಿದೆ ಎಂದು ಜನಕ್ಕೆ ನಂಬಿಕೆ ಬಂದರೆ, ಯಾರನ್ನಾದರೂ 'ಧಾರವಾಡಕ್ಕೆ ಕಳಿಸಬೇಕು' ಎಂಬ ನಗೆಮಾತು ತಾನಾಗಿಯೇ ಮರೆತುಹೋದೀತು.