ರಾಜ್‌ಕುಮಾರ್ ಅವರ ಕನ್ನಡ: ನಾಟಕ ಕಂಪೆನಿಯಿಂದ ಬೆಳ್ಳಿತೆರೆಗೆ

ಚಲಚ್ಚಿತ್ರ ನಟರೊಬ್ಬರ ಜೀವನವು ಇತಿಹಾಸದ ಅಭ್ಯಾಸಕ್ಕೆ ತಕ್ಕ ವಸ್ತುವೆ ಎಂಬ ಶಂಕೆ ವಿದ್ವಾಂಸರಲ್ಲಿ ಕೆಲವರಿಗೆ ಇಂದಿಗೂ ಉಂಟು. ಶಾಸನ, ತಾಳೆಯೋಲೆ, ಕಡತಗಳಲ್ಲಿ ಪಳಗಿದ ಕಣ್ಣಿಗೆ ಬೆಳ್ಳಿತೆರೆಯು ಗಂಭೀರವಾದ ಆಕರವಾಗಿ ತೋರದಿರುವುದು ಸಹಜವೇ. ಆದರೆ ಒಂದು ಭಾಷೆಯನ್ನಾಡುವ ಜನರು ತಮ್ಮ ನುಡಿಯ ಶಿಷ್ಟರೂಪವನ್ನು ಯಾರ ಬಾಯಿಂದ ಕೇಳಿ ಕಲಿತರು ಎಂಬುದು ಇತಿಹಾಸದ ಪ್ರಶ್ನೆಯೇ ಆಗಿದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಕನ್ನಡನಾಡಿನ ಮಟ್ಟಿಗೆ ರಾಜ್‌ಕುಮಾರ್ ಅವರನ್ನು ಬಿಟ್ಟು ಅದಕ್ಕೆ ಉತ್ತರ ಹೇಳಲಾಗದು. ಅವರು ಅಭಿನಯಿಸಿದ ಇನ್ನೂರಕ್ಕೂ ಮಿಕ್ಕ ಚಿತ್ರಗಳನ್ನು ಇಲ್ಲಿ ಎಣಿಸುವುದು ನಮ್ಮ ಉದ್ದೇಶವಲ್ಲ. ಪ್ರಾಥಮಿಕ ಶಾಲೆಯ ಕೆಳಗಿನ ತರಗತಿಗಳಲ್ಲಿಯೇ ಓದು ನಿಲ್ಲಿಸಿದ ಬಾಲಕನೊಬ್ಬನು ಲಕ್ಷಾಂತರ ಜನರಿಗೆ ಉಚ್ಚಾರಣೆಯ ಪ್ರಮಾಣವಾದುದು ಹೇಗೆ ಎಂಬುದಷ್ಟೇ ನಮ್ಮ ಜಿಜ್ಞಾಸೆ.

ಮುತ್ತುರಾಜನೆಂಬ ಆ ಬಾಲಕನು 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಜನಿಸಿದನು. ಗಾಜನೂರು ಅಂದು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಅದೇ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಬಂದಿತು. ತಾಳವಾಡಿ ಸೀಮೆಯೂ ಅದರೊಳಗಿನ ಗಾಜನೂರೂ ಮದರಾಸು ರಾಜ್ಯದಲ್ಲಿಯೇ ಉಳಿದುವು. ಕನ್ನಡಿಗರ ಐಕ್ಯದ ಪ್ರತಿನಿಧಿಯೆಂದು ಮುಂದೆ ಎಣಿಸಲ್ಪಟ್ಟವರ ಹುಟ್ಟೂರು ಏಕೀಕೃತ ರಾಜ್ಯದ ಗಡಿಯಾಚೆ ಇದೆಯೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಡುವುದು ಒಳ್ಳೆಯದು.

ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರೌದ್ರಪಾತ್ರಗಳಿಗೆ ಹೆಸರಾದ ರಂಗನಟರು. ಅವರೊಡನೆ ಮುತ್ತುರಾಜನೂ ಎಳವೆಯಲ್ಲಿಯೇ ಗುಬ್ಬಿ ವೀರಣ್ಣನವರ ಕಂಪೆನಿಯನ್ನು ಸೇರಿದನು, ನಡುವೆ ಎಂ. ವಿ. ಸುಬ್ಬಯ್ಯನಾಯಿಡು ಅವರ ಮಂಡಲಿಯಲ್ಲಿಯೂ ಕೆಲಸಮಾಡಿದನು. ಈ ಕಂಪೆನಿಗಳ ಶಿಕ್ಷಣಕ್ರಮವನ್ನು ತುಸು ವಿವರವಾಗಿ ನೋಡಬೇಕು. ನಮ್ಮ ಪ್ರಶ್ನೆಯ ಉತ್ತರವಿರುವುದು ಅಲ್ಲಿಯೇ. ಕಂಪೆನಿಯಲ್ಲಿ ಪಾಠವೆಲ್ಲ ಕಿವಿಯಿಂದ ಬಾಯಿಗೆ. ಹಿರಿಯ ನಟರ ಮಾತನ್ನು ಪರದೆಯ ಮರೆಯಲ್ಲಿ ನಿಂತು ರಾತ್ರಿ ರಾತ್ರಿ ಕೇಳುವುದು, ಹಗಲಿನಲ್ಲಿ ಹಾರ್ಮೋನಿಯಮ್ಮಿನ ಶ್ರುತಿಗೆ ಕಂದ ವೃತ್ತಗಳನ್ನು ಹೇಳುವುದು, ಬಾಲಪಾತ್ರದಿಂದ ಮೊದಲುಮಾಡಿ ಯಾವ ಪಾತ್ರ ಬಂದರೂ ಒಪ್ಪಿಕೊಳ್ಳುವುದು, ಇದೇ ಅಲ್ಲಿಯ ಪಠ್ಯಕ್ರಮ. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ರೂಢಿಗೊಂಡ ಈ ಅಭಿನಯದಲ್ಲಿ ಮಾತು ಕೊಟ್ಟಕೊನೆಯ ಸಾಲಿನ ನೆಲದವರಿಗೂ ಮುಟ್ಟಬೇಕಾಗಿದ್ದಿತು. ಕೂಗಿದರೆ ಅದು ಮುಟ್ಟುವುದಿಲ್ಲ. ಅಕ್ಷರ ಅಕ್ಷರವೂ ಬಿಡಿಯಾಗಿ ನಿಂತರೆ ಮಾತ್ರ ಮುಟ್ಟುತ್ತದೆ. ನಮ್ಮ ಗ್ರಾಮಾಂತರದ ಆಡುನುಡಿಯಲ್ಲಿ ಸಾಮಾನ್ಯವಾಗಿ ಸವೆದುಹೋಗುವ ಮಹಾಪ್ರಾಣಗಳೂ, ಶಕಾರ ಸಕಾರಗಳ ಭೇದವೂ, ಪದಾದಿಯ ಹಕಾರವೂ ಕಂಪೆನಿಯ ರಂಗದ ಮೇಲೆ ಉಳಿದುಬಂದುದಕ್ಕೆ ವ್ಯಾಕರಣದ ಅಭಿಮಾನಕ್ಕಿಂತ ಈ ವ್ಯಾವಹಾರಿಕ ಅಗತ್ಯವೇ ಮುಖ್ಯ ಕಾರಣವೆಂದು ನಮಗೆ ತೋರುತ್ತದೆ.

ಇನ್ನೊಂದು ಕಾರಣವೂ ಉಂಟು. ಅಂದು ಕನ್ನಡಿಗರು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಊರಿಂದೂರಿಗೆ ಸಂಚರಿಸುತ್ತಿದ್ದ ನಾಟಕ ಮಂಡಲಿಗೆ ಹುಬ್ಬಳ್ಳಿಯಲ್ಲಿಯೂ ಮೈಸೂರಿನಲ್ಲಿಯೂ ಸಲ್ಲುವ ನಾಣ್ಯದಂತಹ ಭಾಷೆಯೊಂದು ಬೇಕಾಗಿದ್ದಿತು. ಬೆಳ್ಳಾವೆ ನರಹರಿಶಾಸ್ತ್ರಿಗಳಂಥ ಕವಿಗಳ ಲೇಖನಿಯಿಂದ ಬಂದ ಸಂಸ್ಕೃತಭೂಯಿಷ್ಠವಾದ, ಪ್ರಾಸಯುಕ್ತವಾದ ಆ ಗದ್ಯವು ಯಾರ ಮನೆಮಾತೂ ಆಗಿರಲಿಲ್ಲ. ಆದುದರಿಂದಲೇ ಅದು ಎಲ್ಲರಿಗೂ ಸಮಾನವಾಗಿದ್ದಿತು. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೆ ಮಾತು ಹಾಡುಗಳನ್ನು ಬರೆದವರು ಇದೇ ಶಾಸ್ತ್ರಿಗಳು, ನಾಯಕರಾದವರು ಇದೇ ನಾಯಿಡು ಅವರು ಎಂಬುದನ್ನು ಗಮನಿಸಿದರೆ, ರಂಗದ ನುಡಿಯು ತೆರೆಗೆ ಸಾಗಿದ ದಾರಿ ಸ್ಪಷ್ಟವಾಗುತ್ತದೆ.

1954ರಲ್ಲಿ ಎಚ್. ಎಲ್. ಎನ್. ಸಿಂಹ ಅವರು ‘ಬೇಡರ ಕಣ್ಣಪ್ಪ’ವನ್ನು ನಿರ್ದೇಶಿಸಿದಾಗ ಮುತ್ತುರಾಜರನ್ನು ನಾಯಕರನ್ನಾಗಿ ಆರಿಸಿ ರಾಜ್‌ಕುಮಾರ್ ಎಂಬ ಹೆಸರನ್ನಿಟ್ಟರು. ಮಂತ್ರ ತಂತ್ರಗಳನ್ನರಿಯದ ಬೇಡನೊಬ್ಬನು ಭಕ್ತಿಯೊಂದರಿಂದಲೇ ಶಿವನನ್ನು ಒಲಿಸಿಕೊಂಡ ಕಥೆಯು, ಶಾಲೆಯ ಓದಿಲ್ಲದೆ ಕನ್ನಡವನ್ನು ಒಲಿಸಿಕೊಂಡವರ ಮೊದಲ ಕಥೆಯೂ ಆದುದು ಕಾಕತಾಳೀಯವಿದ್ದೀತು. ಅದೇ ಚಿತ್ರದಲ್ಲಿದ್ದ ನರಸಿಂಹರಾಜು ಮತ್ತು ಜಿ. ವಿ. ಅಯ್ಯರ್ ಅವರೂ ಕಂಪೆನಿಯಲ್ಲಿ ಬೆಳೆದವರೇ. ಇವರಿಬ್ಬರೂ ಬಾಲಕೃಷ್ಣ ಅವರೂ ರಾಜ್‌ಕುಮಾರ್ ಅವರೂ ಕೂಡಿ 1960ರಲ್ಲಿ ‘ರಣಧೀರ ಕಂಠೀರವ’ವನ್ನು ತಾವೇ ನಿರ್ಮಿಸಿದರು. ಕನ್ನಡ ಚಿತ್ರಗಳಿಗೆ ಹಣ ಹಾಕುವವರು ವಿರಳವಾಗಿದ್ದು, ಚಿತ್ರೀಕರಣಕ್ಕೆ ಮದರಾಸನ್ನೇ ಅವಲಂಬಿಸಬೇಕಾಗಿದ್ದ ದಿನಗಳಲ್ಲಿ ನಾಲ್ವರು ನಟರು ಹೀಗೆ ಹೊಣೆಹೊತ್ತುದು ಸಾಮಾನ್ಯ ಸಂಗತಿಯಲ್ಲ.

ಅಲ್ಲಿಂದ ಮುಂದೆ ಬಂದ ಐತಿಹಾಸಿಕ ಚಿತ್ರಗಳಲ್ಲಿ, ಅಂದರೆ ‘ಇಮ್ಮಡಿ ಪುಲಿಕೇಶಿ’ (1967), ‘ಶ್ರೀ ಕೃಷ್ಣದೇವರಾಯ’ (1970), ‘ಮಯೂರ’ (1975) ಮೊದಲಾದುವುಗಳಲ್ಲಿ, ಈ ನುಡಿಯು ನಾಡಿನ ಗತಕಾಲದ ನುಡಿಯೇ ಎಂಬಂತೆ ಜನರ ಕಿವಿಗೆ ಬಿದ್ದಿತು. ಕಿರೀಟ, ಕವಚ, ಆಸ್ಥಾನಗಳ ವಿಷಯದಲ್ಲಿ ಇತಿಹಾಸಕಾರರಾದ ನಮಗೆ ಈ ಚಿತ್ರಗಳೊಡನೆ ಜಗಳವಾಡಲು ಬೇಕಾದಷ್ಟು ಎಡೆಯಿದೆ. ಮಯೂರಶರ್ಮನ ಕಾಲದ ಬನವಾಸಿಯಲ್ಲಿ ಅಂಥ ಕನ್ನಡವನ್ನು ಯಾರೂ ಆಡುತ್ತಿರಲಿಲ್ಲ. ಆದಾಗ್ಯೂ ತಾಳಗುಂದದ ಸ್ತಂಭಶಾಸನದ ಸಂಸ್ಕೃತ ಶ್ಲೋಕಗಳಲ್ಲಿ ಅಡಗಿದ್ದ ಕಾಂಚಿಯ ಕಲಹದ ವೃತ್ತಾಂತವು ದೇವುಡು ಅವರ ಕಾದಂಬರಿಯ ಮೂಲಕ, ಅದಕ್ಕಿಂತ ಮಿಗಿಲಾಗಿ ಈ ನಟರ ಕಂಠದ ಮೂಲಕ, ಅಕ್ಷರವರಿಯದವರಿಗೂ ಪರಿಚಿತವಾಯಿತೆಂಬುದನ್ನು ಒಪ್ಪಲೇಬೇಕು. ನಮ್ಮ ವ್ಯಾಸಂಗ ಗ್ರಂಥಗಳು ಆ ಕೆಲಸವನ್ನು ಮಾಡಿರಲಿಲ್ಲ.

ಆದರೆ ಇದಕ್ಕೆ ತೆತ್ತ ಬೆಲೆಯನ್ನೂ ಹೇಳದಿದ್ದರೆ ಪಕ್ಷಪಾತವಾದೀತು. ಒಂದು ಶಿಷ್ಟ ನುಡಿಯು ನಾಯಕನ ನುಡಿಯಾಗಿ ನೆಲೆಗೊಂಡಾಗ ಧಾರವಾಡದ, ಕಲಬುರಗಿಯ, ಕರಾವಳಿಯ ನುಡಿಗಳು ಬಹುಮಟ್ಟಿಗೆ ವಿದೂಷಕನ ಪಾಲಿಗೆ ಹೋದುವು. ‘ಬಂಗಾರದ ಮನುಷ್ಯ’ (1972) ಹಳ್ಳಿಯ ಬೇಸಾಯದ ಕಥೆ. ಆದರೂ ಅದರ ನಾಯಕ ರಾಜೀವನು ಒಂದು ನಿರ್ದಿಷ್ಟ ಹಳ್ಳಿಯ ಕನ್ನಡವನ್ನಾಡುವುದಿಲ್ಲ. ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ಓಡಿದ ಆ ಚಿತ್ರದ ಜನಪ್ರಿಯತೆಗೂ, ಅವನ ಮಾತಿಗೆ ಊರಿನ ಗುರುತಿಲ್ಲದಿರುವುದಕ್ಕೂ ಸಂಬಂಧವಿದೆಯೆಂಬುದು ನಮ್ಮ ಅಭಿಪ್ರಾಯ. ಯಾವ ಜಿಲ್ಲೆಯ ಪ್ರೇಕ್ಷಕನೂ ಅವನನ್ನು ಪರಸ್ಥಳದವನೆಂದು ಎಣಿಸಬೇಕಾಗಿರಲಿಲ್ಲ.

ಹೀಗೆ ಕಿವಿಗಳಲ್ಲಿ ನೆಲೆಸಿದ ಧ್ವನಿಯು 1982ರಲ್ಲಿ ಬೀದಿಗೆ ಬಂದಿತು. ಪ್ರೌಢಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನವನ್ನು ಕೊಡಬೇಕೆಂಬ ಗೋಕಾಕ್ ಸಮಿತಿಯ ವರದಿಯು 1981ರಲ್ಲಿಯೇ ಸರ್ಕಾರದ ಕೈಸೇರಿದ್ದಿತು. ಅದರ ಅನುಷ್ಠಾನಕ್ಕಾಗಿ ಸಾಹಿತಿಗಳು ನಡೆಸುತ್ತಿದ್ದ ಚಳವಳಿಯು, ರಾಜ್‌ಕುಮಾರ್ ಅವರು ಸೇರಿ ನಾಡಿನಲ್ಲಿ ಸಂಚರಿಸಿದ ಮೇಲೆ ಜನಸಾಮಾನ್ಯರ ಚಳವಳಿಯಾಯಿತು. ಶಾಲೆಯ ಭಾಷೆಯನ್ನು ಕುರಿತ ವಾದದಲ್ಲಿ ಶಾಲೆಯನ್ನು ಹೆಚ್ಚು ಕಾಣದವರ ಮಾತು ಎಲ್ಲರ ಮಾತಿಗಿಂತ ತೂಕವಾದುದು ವಿಚಿತ್ರವಾದರೂ ಅಸಂಗತವಲ್ಲ. ನೆರೆಯ ತಮಿಳುನಾಡಿನಲ್ಲಿ ಎಂ. ಜಿ. ರಾಮಚಂದ್ರನ್ ಅವರು 1977ರಲ್ಲಿಯೂ ಆಂಧ್ರದಲ್ಲಿ ಎನ್. ಟಿ. ರಾಮರಾವ್ ಅವರು 1983ರಲ್ಲಿಯೂ ಮುಖ್ಯಮಂತ್ರಿಗಳಾದರು. ರಾಜ್‌ಕುಮಾರ್ ಅವರಾದರೋ ಯಾವ ಚುನಾವಣೆಗೂ ನಿಲ್ಲಲಿಲ್ಲ. ಅಭಿಮಾನಿಗಳನ್ನು ದೇವರೆಂದು ಕರೆದವರು ಅವರನ್ನು ಮತದಾರರೆಂದು ಕರೆಯಲು ಒಪ್ಪಲಿಲ್ಲ. ಪರಭಾಷಾ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಕೂಡದೆಂಬ ಚಿತ್ರರಂಗದ ನಿಲುವಿಗೂ ಅವರ ಬೆಂಬಲವಿದ್ದಿತು. ಅದು ಎಳೆಯ ಉದ್ಯಮವೊಂದಕ್ಕೆ ಬೇಲಿಯಾಗಿ ನಿಂತುದು ದಿಟ; ಬೆಳೆ ಬಲಿತ ಮೇಲೆಯೂ ಬೇಲಿ ಬೇಕಾಗಿದ್ದಿತೆ ಎಂಬುದು ಬೇರೆ ಮಾತು. 2015ರಲ್ಲಿ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ಕಾನೂನಿಗೆ ವಿರುದ್ಧವೆಂದು ತೀರ್ಮಾನಿಸಿತು.

2000ದ ಜುಲೈ 30ರಂದು ಗಾಜನೂರಿನ ಮನೆಯಿಂದಲೇ ವೀರಪ್ಪನ್ ಅವರನ್ನು ಅಪಹರಿಸಿದನು. 108 ದಿನಗಳ ಆ ಪ್ರಕರಣದಲ್ಲಿ ಮುಂದಿಟ್ಟ ಬೇಡಿಕೆಗಳಲ್ಲಿ ಕಾವೇರಿಯ ನೀರೂ ಕರ್ನಾಟಕದಲ್ಲಿ ತಮಿಳಿನ ಸ್ಥಾನವೂ ಸೇರಿದ್ದುವು. 1956ರ ಗಡಿರೇಖೆಯು ಒಬ್ಬ ವೃದ್ಧರ ಮನೆಯ ಅಂಗಳದಲ್ಲಿ ಮತ್ತೆ ಎದ್ದುನಿಂತಂತಾಯಿತು. 2006ರ ಏಪ್ರಿಲ್ 12ರಂದು ಅವರು ಬೆಂಗಳೂರಿನಲ್ಲಿ ನಿಧನರಾದಾಗ ನಗರದಲ್ಲಿ ಎದ್ದ ಗಲಭೆಯಲ್ಲಿ ಪೋಲೀಸರ ಗುಂಡಿಗೆ ಜನರೂ ಜನರ ರೋಷಕ್ಕೆ ಪೋಲೀಸಿನವರೊಬ್ಬರೂ ಬಲಿಯಾದರು. ಅಭಿಮಾನದ ಚರಿತ್ರೆಯಲ್ಲಿ ಈ ಪುಟವನ್ನೂ ಬರೆಯದೆ ಬಿಡುವಂತಿಲ್ಲ. ಅವರ ಕಣ್ಣುಗಳನ್ನು ದಾನಮಾಡಲಾಯಿತು. 2021ರಲ್ಲಿ ಕಿರಿಯ ಮಗ ಪುನೀತ್ ತೀರಿಕೊಂಡಾಗಲೂ ಹಾಗೆಯೇ ಮಾಡಲಾಯಿತು.

ಕೊನೆಗೆ ಹಾಡಿನ ಮಾತು. ಬಹುಕಾಲ ಪಿ. ಬಿ. ಶ್ರೀನಿವಾಸ್ ಅವರ ಕಂಠವೇ ತೆರೆಯ ಮೇಲೆ ರಾಜ್‌ಕುಮಾರ್ ಅವರ ಗಾನಕಂಠವಾಗಿದ್ದಿತು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಿಂದ ಮೊದಲುಗೊಂಡು ಅವರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. 1992ರ ‘ಜೀವನ ಚೈತ್ರ’ದ ಹಾಡುಗಾರಿಕೆಗೆ ರಾಷ್ಟ್ರಪ್ರಶಸ್ತಿಯೂ ಬಂದಿತು. ಚಿತ್ರಗಳ ಹೊರಗೆ ಅವರು ಹಾಡಿದ ರಾಘವೇಂದ್ರ ಸ್ವಾಮಿಗಳ ಭಕ್ತಿಗೀತೆಗಳು ಗುರುವಾರದ ಬೆಳಗಿನಲ್ಲಿ ಇಂದಿಗೂ ಅನೇಕ ಮನೆಗಳಿಂದ ಕೇಳಿಬರುತ್ತವೆ. ಧ್ವನಿಮುದ್ರಿಕೆಯು ಎಷ್ಟು ಹಳತಾದರೂ ಅದರಲ್ಲಿ ಮಹಾಪ್ರಾಣಗಳು ಸವೆದಿಲ್ಲ, ಪದಾಂತ್ಯದ ಸ್ವರಗಳು ನುಂಗಿಹೋಗಿಲ್ಲ. ಪರದೆಯ ಮರೆಯಲ್ಲಿ ನಿಂತು ಕೇಳಿ ಕಲಿತ ಹುಡುಗನ ಪಾಠವು ಅಕ್ಷರಶಃ ಹಾಗೆಯೇ ಇದೆ.