ಡಿಮೆನ್ಶಿಯಾ: ಆರೈಕೆ ತಾನಾಗಿಯೇ ಬರಲ್ಲ, ಕಲಿಸಬೇಕು

'ಅರವತ್ತಕ್ಕೆ ಅರಳು ಮರಳು' ಅನ್ನೋ ಮಾತು ಕೇಳಿಯೇ ನಾವೆಲ್ಲ ಬೆಳೆದವರು. ಈ ಒಂದು ಮಾತು ಒಂದು ಕಾಯಿಲೆಯನ್ನೇ ವಯಸ್ಸಿನ ಸಹಜ ಗುಣ ಎಂಬಂತೆ ಮುಚ್ಚಿಡುತ್ತಾ ಬಂದಿದೆ. ಒಲೆ ಮೇಲೆ ಹಾಲಿಟ್ಟು ಮರೆಯುವುದು ಯಾರಿಗಾದರೂ ಆಗಬಹುದು. ಆದರೆ ನಲವತ್ತು ವರ್ಷ ತಾನೇ ಮಾಡಿದ ಸಾರು ಈಗ ಹೇಗೆ ಮಾಡುವುದೆಂದು ತಿಳಿಯದೆ ಒಲೆ ಮುಂದೆ ಸುಮ್ಮನೆ ನಿಂತುಬಿಡುವುದು ಬೇರೆ. ಅದು ಡಿಮೆನ್ಶಿಯಾದ ಲಕ್ಷಣ ಇರಬಹುದು.

ಡಿಮೆನ್ಶಿಯಾ ಒಂದೇ ಕಾಯಿಲೆಯ ಹೆಸರಲ್ಲ. ಆಲ್ಝೈಮರ್ಸ್, ಮೆದುಳಿನ ರಕ್ತನಾಳದ ತೊಂದರೆ ಹೀಗೆ ಹಲವು ಕಾರಣಗಳಿಂದ ನೆನಪು, ಮಾತು, ಯೋಚನೆ, ದಿನದ ಕೆಲಸ ಮಾಡಿಕೊಳ್ಳುವ ಶಕ್ತಿ ಕುಸಿಯುತ್ತಾ ಹೋಗುವ ಸ್ಥಿತಿ ಅದು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ, 60 ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಇದರೊಂದಿಗೆ ಬದುಕುತ್ತಿದ್ದಾರೆ. ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಯಲ್ಲಿ ಪ್ರಮಾಣ ಹೆಚ್ಚು.

ಇವರನ್ನು ನೋಡಿಕೊಳ್ಳುತ್ತಿರುವವರು ಯಾರು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ಜಗತ್ತಿನಾದ್ಯಂತ ಡಿಮೆನ್ಶಿಯಾ ಇರುವವರ ಆರೈಕೆಗೆ ಹೋಗುವ ಗಂಟೆಗಳಲ್ಲಿ ಶೇ. 70ರಷ್ಟು ಹೆಂಗಸರದು. ನಮ್ಮಲ್ಲಿ ಅವರು ಹೆಂಡತಿ, ಸೊಸೆ, ಮಗಳು. ಸಂಬಳವಿಲ್ಲ, ರಜೆಯಿಲ್ಲ. 'ಹೆಣ್ಣುಮಕ್ಕಳಿಗೆ ಇದೆಲ್ಲ ತಾನಾಗೇ ಬರುತ್ತೆ' ಅನ್ನೋ ನಂಬಿಕೆಯಿಂದಾಗಿ ತರಬೇತಿಯೂ ಇಲ್ಲ.

ತರಬೇತಿಯಲ್ಲಿ ಏನು ಕಲಿಸುತ್ತಾರೆ?

ಮೊದಲ ಪಾಠ, ವಾದ ಮಾಡಬಾರದು. ನನ್ನ ಅಜ್ಜಿ ಕೊನೆಯ ವರ್ಷಗಳಲ್ಲಿ ಸಂಜೆಯಾದರೆ ಸಾಕು, 'ತವರಿಗೆ ಹೋಗಬೇಕು, ಅಪ್ಪ ಕಾಯ್ತಿರ್ತಾರೆ' ಅಂತ ಸೀರೆ ಗಂಟು ಕಟ್ಟುತ್ತಿದ್ದರು. 'ನಿಮ್ಮಪ್ಪ ತೀರಿಕೊಂಡು ಐವತ್ತು ವರ್ಷ ಆಯ್ತು' ಎಂದು ಯಾರಾದರೂ ತಿದ್ದಿದರೆ, ಆ ಸಾವಿನ ಸುದ್ದಿ ಅವರಿಗೆ ಪ್ರತಿಸಲವೂ ಹೊಸದು. ನಮ್ಮತ್ತೆ ಹಾಗೆ ತಿದ್ದುತ್ತಿರಲಿಲ್ಲ. 'ಕಾಫಿ ಕುಡಿದು ಹೊರಡೋಣಮ್ಮ, ನಿಮ್ಮೂರಲ್ಲಿ ಈಗ ಯಾವ ಬೆಳೆ?' ಅಂತ ಮಾತಿಗೆಳೆಯುತ್ತಿದ್ದರು. ಗಂಟು ಹಾಗೇ ಪಕ್ಕಕ್ಕೆ ಸರಿಯುತ್ತಿತ್ತು. ಇದು ಸುಳ್ಳಲ್ಲ, ಮಾತಿನ ಹಿಂದಿರುವ ಭಯಕ್ಕೆ, ಹಂಬಲಕ್ಕೆ ಕೊಡುವ ಉತ್ತರ. ಅತ್ತೆಗೆ ಇದು ತಿಳಿಯಲು ಎರಡು ವರ್ಷ ಹಿಡಿಯಿತು. ಕಲಿಸುವವರಿದ್ದರೆ ಒಂದು ಮಧ್ಯಾಹ್ನ ಸಾಕಿತ್ತು.

ಮಿಕ್ಕ ಪಾಠಗಳೂ ಇಷ್ಟೇ ಸರಳ, ಇಷ್ಟೇ ಮುಖ್ಯ:

- 'ಸ್ನಾನ ಮಾಡಿ ಬಾ' ಅನ್ನುವ ಬದಲು ಒಂದು ಸಲಕ್ಕೆ ಒಂದೇ ಹೆಜ್ಜೆ ಹೇಳುವುದು: 'ಈ ಟವೆಲ್ ಹಿಡ್ಕೊಳ್ಳಿ.'
- ಊಟ, ನಿದ್ದೆ, ಶೌಚಕ್ಕೆ ನಿಗದಿತ ಹೊತ್ತು ಇಟ್ಟುಕೊಳ್ಳುವುದು.
- ನುಂಗಲು ಕಷ್ಟವಾದಾಗ ಮಲಗಿಸಿ ತಿನ್ನಿಸದೆ, ನೆಟ್ಟಗೆ ಕೂರಿಸಿ ಮೆತ್ತನೆಯ ಆಹಾರ ಕೊಡುವುದು.
- ಮನೆಯಿಂದ ಹೊರಟುಹೋಗುವ ಸಾಧ್ಯತೆ ಇದ್ದರೆ ಕೂಡಿಹಾಕದೆ, ಫೋನ್ ನಂಬರ್ ಇರುವ ಚೀಟಿ ಜೇಬಿನಲ್ಲಿಡುವುದು, ಅಕ್ಕಪಕ್ಕದವರಿಗೆ ಹೇಳಿಡುವುದು.
- ಒಂದೆರಡು ದಿನದಲ್ಲಿ ಗೊಂದಲ ಏಕಾಏಕಿ ಜಾಸ್ತಿಯಾದರೆ 'ಕಾಯಿಲೆ ಮುಂದುವರಿತು' ಅಂದುಕೊಳ್ಳದೆ ವೈದ್ಯರಿಗೆ ತೋರಿಸುವುದು. ಮೂತ್ರದ ಸೋಂಕು, ಮಲಬದ್ಧತೆ, ಹೇಳಿಕೊಳ್ಳಲಾಗದ ನೋವು ಕಾರಣ ಇರಬಹುದು.
- ಸುಮ್ಮನಿರಿಸಲು ಔಷಧಿ ಅಂಗಡಿಯಿಂದ ಮಾತ್ರೆ ತಂದು ಕೊಡದಿರುವುದು. ಕೆಲವು ಮನೋರೋಗದ ಮಾತ್ರೆಗಳು ಡಿಮೆನ್ಶಿಯಾ ಇರುವ ಹಿರಿಯರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ.
- ಆರೈಕೆ ಮಾಡುವವರೂ ನಿದ್ದೆ ಮಾಡಬೇಕು, ಸರದಿ ಕೇಳಬೇಕು.

ಗೋವಾ ತೋರಿಸಿದ್ದು

ಇದಕ್ಕೆಲ್ಲ ದೊಡ್ಡ ತಜ್ಞರೇ ಬೇಕಿಲ್ಲ ಎಂಬುದಕ್ಕೆ ಪಕ್ಕದ ರಾಜ್ಯದಲ್ಲೇ ಸಾಕ್ಷಿ ಇದೆ. ಗೋವಾದ ಎರಡು ತಾಲೂಕುಗಳಲ್ಲಿ 81 ಕುಟುಂಬಗಳನ್ನು ಸೇರಿಸಿಕೊಂಡು ನಡೆದ ಪ್ರಯೋಗವೊಂದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಮನೆಗಳಿಗೆ ಹೋದವರು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಸ್ಥಳೀಯ ಭಾಷೆ ಬಲ್ಲ ಸಾಮಾನ್ಯರಿಗೇ ಒಂದು ವಾರ ತರಬೇತಿ ಕೊಟ್ಟಿದ್ದರು. ಹಿಂದೆ ಮನೋವೈದ್ಯರ ಮಾರ್ಗದರ್ಶನ ಇತ್ತು. ಆರು ತಿಂಗಳು, ಕನಿಷ್ಠ ಹದಿನೈದು ದಿನಕ್ಕೊಮ್ಮೆ ಭೇಟಿ. ರೋಗಿಗಳ ಲಕ್ಷಣಗಳಲ್ಲಿ ಸ್ಪಷ್ಟ ಬದಲಾವಣೆ ಕಾಣಲಿಲ್ಲ. ಆದರೆ ನೋಡಿಕೊಳ್ಳುವವರ ಮಾನಸಿಕ ಆರೋಗ್ಯ ಸುಧಾರಿಸಿತು, ಸಂಕಟ ತಗ್ಗಿತು. ವಾಸಿಯಾಗದ ಕಾಯಿಲೆಯಲ್ಲಿ ಇದು ಸಣ್ಣ ಗೆಲುವಲ್ಲ.

ಹಾಗಾದರೆ ತಡೆ ಎಲ್ಲಿದೆ?

ನಿಮ್ಹಾನ್ಸ್ ಜೊತೆಗೂಡಿ ಕರ್ನಾಟಕ ಸರ್ಕಾರ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳು ಬಂದಿವೆ. ಒಳ್ಳೆಯ ಹೆಜ್ಜೆ. ಆದರೆ ಕ್ಲಿನಿಕ್ ಇರುವುದು ಜಿಲ್ಲಾ ಕೇಂದ್ರದಲ್ಲಿ, ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿಯುವ ಸಮಸ್ಯೆ ಇರುವುದು ಮನೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಆರೈಕೆದಾರರಿಗೆಂದೇ 'ಐ-ಸಪೋರ್ಟ್' ಎಂಬ ಆನ್‌ಲೈನ್ ಪಾಠ ರೂಪಿಸಿದೆ. ಒಂದು ಕೈಯಲ್ಲಿ ಅನ್ನದ ತಟ್ಟೆ, ಇನ್ನೊಂದರಲ್ಲಿ ಮಾವನ ತೋಳು ಹಿಡಿದವರಿಗೆ ಅದನ್ನು ಓದಲು ಪುರುಸೊತ್ತು ಕೊಡುವವರು ಯಾರು?

ಕಾನೂನು, ಯೋಜನೆಗಳ ದಾರಿ ಇನ್ನೊಂದು ಥರ. 2007ರ ಹಿರಿಯ ನಾಗರಿಕರ ಕಾಯ್ದೆ 'ಮಕ್ಕಳು ನೋಡಿಕೊಳ್ಳಲೇಬೇಕು' ಎನ್ನುತ್ತದೆ. ಹೇಗೆ ಎಂದು ಕಲಿಸುವುದಿಲ್ಲ. 2024ರಿಂದ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ಅಡಿ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆ ದಾಖಲಾತಿಗೆ, ಮನೆಯಲ್ಲಿ ವರ್ಷಗಟ್ಟಲೆ ನಡೆಯುವ ಆರೈಕೆಗಲ್ಲ.

'ಆಶಾ ಕಾರ್ಯಕರ್ತೆಯರಿಗೆ ವಹಿಸಿದರಾಯ್ತು' ಅನ್ನುವ ಸಲಹೆ ಬೇಗ ಬರುತ್ತದೆ. ಅದೇ ಆಶಾಗಳು 2025ರ ಜನವರಿಯಲ್ಲಿ ಗೌರವಧನ ಹೆಚ್ಚಿಸಿ ಎಂದು ಫ್ರೀಡಂ ಪಾರ್ಕ್‌ನಲ್ಲಿ ಹಗಲೂ ರಾತ್ರಿ ಕೂರಬೇಕಾಯಿತು. ಮನೆಯ ಹೆಣ್ಣಿನ ಕೂಲಿಯಿಲ್ಲದ ಕೆಲಸ ಹಗುರ ಮಾಡಲು ಬೀದಿಯ ಹೆಣ್ಣುಮಗಳ ಕೂಲಿಯಿಲ್ಲದ ಕೆಲಸ ಹೆಚ್ಚಿಸುವುದು ಪರಿಹಾರವಲ್ಲ.

ನನ್ನ ಪ್ರಕಾರ ಕೇಳಬೇಕಾದದ್ದು ಇಷ್ಟು: ಪ್ರತಿ ತಾಲೂಕಿನಲ್ಲಿ ಸಂಬಳ ಪಡೆದು ಮನೆಗೆ ಬರುವ, ಕನ್ನಡದಲ್ಲಿ ಕಲಿಸುವ ತರಬೇತುದಾರರು, ಕುಟುಂಬಕ್ಕೆ ಬಿಡುವು ಸಿಗುವಂತೆ ಹಗಲು ಆರೈಕೆ ಕೇಂದ್ರ, ಆ ತರಬೇತಿಗೆ ಗಂಡುಮಕ್ಕಳೂ ಬಂದು ಕೂರುವುದು.

ಅಲ್ಲಿಯವರೆಗೆ ನಿಮ್ಮ ಮನೆಗೆ ತಕ್ಷಣದ ನೆರವು ಬೇಕಿದ್ದರೆ ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416. ಎರಡೂ ಉಚಿತ. ನೋಡಿಕೊಳ್ಳುತ್ತಿರುವವರು ತಮಗಾಗಿಯೂ ಕರೆ ಮಾಡಬಹುದು.